ಹಂಚಿನ ಮಾಡಿನ ಕೆಳಗೊಂದು ಆಂಟೆನಾ: ಮಲೆನಾಡಿನ ಮನೆಯೊಂದರ ಪ್ರಕರಣ ಅಧ್ಯಯನ

ಅಟ್ಟದಲ್ಲಿ ಆಂಟೆನಾ ಕಟ್ಟಬೇಕೆಂದಿರುವ ಹೊಸ ಹ್ಯಾಂಗಳು (ಹವ್ಯಾಸಿ ರೇಡಿಯೋದವರು) ಮೊದಲು ಕೇಳುವುದು, “ಹಂಚಿನ ಒಳಗಿಂದ ಸಿಗ್ನಲ್ ಹೊರಗೆ ಹೋಗುತ್ತದಾ?” ಎಂದು. ಹೋಗುತ್ತದೆ. 7 ಮೆಗಾಹರ್ಟ್ಸ್‌ನ ಅಲೆಗೆ ಒಣಗಿದ ಮಣ್ಣಿನ ಹಂಚು ಲೆಕ್ಕಕ್ಕೇ ಇಲ್ಲ. ಹೊರಗಿನವರು ಮಾತಾಡಿದ್ದು ಮನೆಯೊಳಗಿನ ಗದ್ದಲದ ಮಧ್ಯೆ ನಮಗೆ ಕೇಳುತ್ತದಾ ಎಂಬ ಪ್ರಶ್ನೆ ಮಾತ್ರ ಯಾರಿಗೂ ಮೊದಲು ಹೊಳೆಯುವುದಿಲ್ಲ. ಈ ಪ್ರಕರಣದಲ್ಲೂ ಹೊಳೆದಿರಲಿಲ್ಲ. ಅದು ಹೊಳೆದ ಮೇಲೆ ಕೆಲಸದ ದಿಕ್ಕೇ ಬದಲಾಯಿತು. ಹಾಗಾಗಿ ಇದನ್ನು ವಿವರವಾಗಿ ಬರೆದಿಡುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಊರು, ಹೆಸರು, ಕಾಲ್‌ಸೈನ್ (ರೇಡಿಯೋದಲ್ಲಿ ಹೇಳುವ ಗುರುತಿನ ಸಂಕೇತ) ಬಿಟ್ಟಿದ್ದೇನೆ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಘಟ್ಟಕ್ಕೆ ಹತ್ತಿರದ ಒಂದು ಹಳ್ಳಿ. ಮೂರು ಕಡೆ ಗುಡ್ಡ, ಕೆಳಗೆ ಅಡಿಕೆ ತೋಟ, ತೋಟದ ಮೇಲಂಚಿಗೆ ಹಳೇ ಕಾಲದ ಹಂಚಿನ ಮನೆ. ಮನೆಯ ಯಜಮಾನರು ಹತ್ತಿರದ ಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಇಲ್ಲಿ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತೇನೆ. 2004ರ ಡಿಸೆಂಬರ್ 26ರ ಸುನಾಮಿ ಹೊತ್ತಿಗೆ ಪೋರ್ಟ್‌ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಹ್ಯಾಂ ರೇಡಿಯೋದಿಂದಲೇ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದನ್ನು ಓದಿದ ದಿನದಿಂದ ಅವರಿಗೆ ಈ ಹವ್ಯಾಸದ ಮೇಲೆ ಕಣ್ಣು. ಪರೀಕ್ಷೆಗೆ ಕೂತದ್ದು ಮಾತ್ರ ಬಹಳ ವರ್ಷಗಳ ನಂತರ. ಹ್ಯಾಂ ಪರವಾನಗಿಯ ರಿಸ್ಟ್ರಿಕ್ಟೆಡ್ ದರ್ಜೆ ಪಾಸಾಗಿ, ವಿಯು3 ಎಂದು ಶುರುವಾಗುವ ಕಾಲ್‌ಸೈನ್ ಬಂತು. ಆ ದರ್ಜೆಯಲ್ಲಿ 50 ವ್ಯಾಟ್‌ವರೆಗೆ ಕಳಿಸಬಹುದು.

ಮೊದಲು ತಂದದ್ದು ಕೈಯಲ್ಲಿ ಹಿಡಿಯುವ 2 ಮೀಟರ್ ಬ್ಯಾಂಡಿನ ಸೆಟ್. ಆ ಕಣಿವೆಯಲ್ಲಿ ಅದರಿಂದ ಏನೂ ಆಗಲಿಲ್ಲ. 144 ಮೆಗಾಹರ್ಟ್ಸ್‌ನ ಅಲೆ ಹೆಚ್ಚುಕಡಿಮೆ ಕಣ್ಣಳತೆಯ ಹಾದಿಯಲ್ಲೇ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಮಲೆನಾಡಿನ ಕಣಿವೆಯಿಂದ ಶಿವಮೊಗ್ಗ, ಹುಬ್ಬಳ್ಳಿ, ಮಂಗಳೂರು, ಬೆಂಗಳೂರಿನವರ ಜತೆ ಮಾತಾಡಬೇಕಾದರೆ 40 ಮೀಟರ್ ಬ್ಯಾಂಡಿಗೇ, ಅಂದರೆ 7 ಮೆಗಾಹರ್ಟ್ಸ್‌ಗೇ ಬರಬೇಕು. ಅಲ್ಲಿ ಅಲೆಯನ್ನು ನೆಟ್ಟಗೆ ಆಕಾಶಕ್ಕೆ ಕಳಿಸಿ, ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ವಾಪಸ್ ಇಳಿಸಿಕೊಳ್ಳಬಹುದು. ಗುಡ್ಡ ಎಷ್ಟೇ ಎತ್ತರವಿದ್ದರೂ ಅಡ್ಡಿಯಿಲ್ಲ. ಭೂಕಾಂತೀಯ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯಲ್ಲೇ ಹಾದುಹೋಗುವುದರಿಂದ ಹಗಲಿನಲ್ಲಿ ನಮ್ಮ ನೆತ್ತಿಯ ಮೇಲಿನ ಅಯಾನುಗೋಳ ಚೆನ್ನಾಗಿ ದಟ್ಟವಾಗಿರುತ್ತದೆ. 7 ಮೆಗಾಹರ್ಟ್ಸ್ ಮೇಲೆ ಹೋಗಿ ಆರಾಮಾಗಿ ಕೆಳಗೆ ಬರುತ್ತದೆ. ಅದಕ್ಕೆ ಆಂಟೆನಾ ತೀರಾ ಎತ್ತರದಲ್ಲಿ ಇರಬೇಕಾಗಿಲ್ಲ, ಕೆಳಗಿದ್ದಷ್ಟೂ ಅದು ಮೇಲ್ಮುಖವಾಗಿಯೇ ಕಳಿಸುತ್ತದೆ. ಈ ಒಂದು ಅಂಶವೇ ಮುಂದೆ ಅಟ್ಟದ ಪರವಾಗಿ ನಿಂತಿತು.

ಮೇಷ್ಟ್ರು ಸೆಕೆಂಡ್‌ಹ್ಯಾಂಡ್ ಎಚ್‌ಎಫ್ ರಿಗ್ (ಶಾರ್ಟ್‌ವೇವ್‌ನಲ್ಲಿ ಕಳಿಸುವ, ಕೇಳುವ ಸೆಟ್) ಒಂದನ್ನು ಕೊಂಡು, ಆಂಟೆನಾ ಎಲ್ಲಿ ಕಟ್ಟುವುದು ಎಂದು ನನ್ನನ್ನು ಕರೆಸಿದರು.

ಹೊರಗೆ ಏಕೆ ಆಗಲಿಲ್ಲ

ಡೈಪೋಲ್ ಎಂದರೆ ನಡುವಿನಲ್ಲಿ ಕೇಬಲ್ ಜೋಡಿಸಿದ, ಎರಡು ಕಡೆಗೆ ಚಾಚಿದ ತಂತಿಯ ಆಂಟೆನಾ. 40 ಮೀಟರ್ ಬ್ಯಾಂಡಿನ ಅರ್ಧ ಅಲೆಯ ಡೈಪೋಲ್ ಅಂದರೆ ಸುಮಾರು 20 ಮೀಟರ್ ತಂತಿ. ತೋಟದಲ್ಲಿ ಸಾಲುಸಾಲು ಅಡಿಕೆ ಮರ ಇರುವಾಗ ಅದಕ್ಕಿಂತ ಒಳ್ಳೆ ಕಂಬ ಬೇಕೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಮೇಷ್ಟ್ರೂ ಹಾಗೇ ಎಣಿಸಿದ್ದರು. ಬೇಡವೆಂದವರು ಅವರ ತಾಯಿ. ಸಿಡಿಲಿನ ಭಯಕ್ಕೆ ಹೇಳುತ್ತಾರೆ ಅಂದುಕೊಂಡಿದ್ದೆವು. ಅವರು ಹೇಳಿದ್ದೇ ಬೇರೆ.

“ತಂತಿ ಕಟ್ಟೂದಾದ್ರೆ ಕಟ್ಟು, ತೋಟದಲ್ಲಿ ಮಾತ್ರ ಬೇಡ. ಕೊನೆ ಕೊಯ್ಯೋನು ಮರದಿಂದ ಮರಕ್ಕೆ ಜೀಕಿಕೊಂಡು ಹೋಗ್ತಾನೆ. ಅವನ ಕಣ್ಣಿಗೆ ನಿನ್ನ ತಂತಿ ಕಾಣ್ತದಾ? ಮದ್ದು ಹೊಡಿಯೋಕೆ ಹತ್ತಿದವ್ರಿಗಾದ್ರೂ ಕಾಣ್ತದಾ?”

ಇದಕ್ಕೆ ಎದುರು ಮಾತಿಲ್ಲ. ಕೊನೆಗೌಡರು ಒಂದು ಮರದ ತುದಿಯಲ್ಲಿ ಕೂತು, ಅದನ್ನೇ ಬಗ್ಗಿಸಿ ಪಕ್ಕದ ಮರ ಹಿಡಿಯುವ ಜಾಗದಲ್ಲಿ ಕಾಣದ ತಂತಿಯೊಂದು ಇದ್ದರೆ ಜೀವಕ್ಕೇ ಅಪಾಯ. ಮಳೆಗಾಲದ ಮುಂಚೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವವರೂ ಅದೇ ಮರ ಹತ್ತುತ್ತಾರೆ. ತೋಟದಲ್ಲಿ ಡೈಪೋಲ್ ಕಟ್ಟಿರುವ ಮಲೆನಾಡಿನ ಹ್ಯಾಂಗಳು ಇದ್ದರೆ ಈ ಒಂದು ಮಾತಿಗಾದರೂ ಇಲ್ಲಿ ನಿಂತು ಯೋಚಿಸಬೇಕು ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಉಳಿದದ್ದು ಅಂಗಳ. ಅಡಿಕೆ ಒಣಗಿಸುವ ಅಂಗಳಕ್ಕೆ ಕಂಬ ನೆಡಬಹುದಿತ್ತು, ಆದರೆ ಆ ಮನೆಯ ಸುತ್ತ ಮಂಗಗಳ ಹಿಂಡು ಬಿಡಾರ ಹೂಡಿದೆ. ಟಿವಿ ಡಿಶ್‌ನ ಕೇಬಲನ್ನೇ ಹರಿದು ಹಾಕಿದ ಅನುಭವ ಮನೆಯವರಿಗಿತ್ತು. ಅದೂ ಸಾಲದೆಂದು ಆಷಾಢದ ಗಾಳಿ. ಹೀಗಾಗಿ ಅಟ್ಟವೇ ಎಂದು ತೀರ್ಮಾನವಾಯಿತು.

ಅಟ್ಟ ಹೇಗಿತ್ತು ಎನ್ನುವುದು ಮುಖ್ಯ. ಪೂರ್ವ ಪಶ್ಚಿಮವಾಗಿ ಸುಮಾರು 12 ಮೀಟರ್ ಉದ್ದ. ಮಾಡಿನ ನೆತ್ತಿ ನೆಲದಿಂದ ಸುಮಾರು 7 ಮೀಟರ್ ಎತ್ತರ. ಮರದ ತೊಲೆ, ಪಕಾಸು, ರೀಪು, ಮೇಲೆ ಮಂಗಳೂರು ಹಂಚು. ಕಬ್ಬಿಣದ ಟ್ರಸ್ ಇಲ್ಲ, ಹಂಚಿನ ಕೆಳಗೆ ಅಲ್ಯೂಮಿನಿಯಂ ಹಾಳೆ ಹಾಸಿಲ್ಲ. ಇವೆರಡರಲ್ಲಿ ಒಂದಿದ್ದರೂ ನಾನು ಅಲ್ಲೇ ಬೇಡ ಎನ್ನುತ್ತಿದ್ದೆ, ಲೋಹದ ಹೊದಿಕೆಯ ಕೆಳಗೆ ಆಂಟೆನಾ ಕಟ್ಟಿ ಪ್ರಯೋಜನವಿಲ್ಲ. ದಕ್ಷಿಣದ ಜಗಲಿಗೆ ಮಾತ್ರ ಇತ್ತೀಚೆಗೆ ತಗಡಿನ ಮಾಡು ಇಳಿಸಿದ್ದರು. ಅಟ್ಟದೊಳಗೆ ಹಳೇ ತಾಮ್ರದ ಹಂಡೆ, ತಗಡಿನ ಟ್ರಂಕು, ಚಾಲಿ ಅಡಿಕೆಯ ಮೂಟೆ. ತೊಲೆಯ ಗುಂಟ ಮನೆಯ ವಿದ್ಯುತ್ ವೈರಿಂಗ್.

ಮೊದಲ ಪ್ರಯತ್ನ

ಮೇಷ್ಟ್ರು ಓದಿಕೊಂಡವರು. ಅಟ್ಟದ ಅಂಚಿನ ಸುತ್ತ, ಸೂರಿನ ಗುಂಟ ಒಂದು ದೊಡ್ಡ ತಂತಿಯ ಬಳೆ ಸುತ್ತಿ, ಟ್ಯೂನರ್ ಹಾಕಿ ಎಲ್ಲ ಬ್ಯಾಂಡಿನಲ್ಲೂ ಕೆಲಸ ಮಾಡಬೇಕೆಂಬುದು ಅವರ ಯೋಜನೆ. ಕಾಗದದ ಮೇಲೆ ಚೆನ್ನಾಗಿತ್ತು. ನಾನು ಮುಂದಿನ ಸಲ ಬರುವುದರೊಳಗೆ ಅದನ್ನು ಕಟ್ಟಿ ಮುಗಿಸಿದ್ದರು. ರಿಗ್‌ಗೂ ಆಂಟೆನಾಗೂ ಹೊಂದಿಕೆ ಮಾಡಿಸುವ ಟ್ಯೂನರ್, ಆ ಹೊಂದಿಕೆಯ ಅಳತೆಯಾದ ಎಸ್‌ಡಬ್ಲ್ಯುಆರ್ ಅನ್ನು (1 ಆದರೆ ಪೂರ್ಣ ಹೊಂದಿಕೆ) 1.2ಕ್ಕೆ ಇಳಿಸಿ ತೋರಿಸುತ್ತಿತ್ತು, ಅವರಿಗೆ ಖುಷಿ.

ಆದರೆ ಮೈಕ್ ಒತ್ತಿ ಕಾಲ್‌ಸೈನ್ ಹೇಳಿದ ಕೂಡಲೇ ಕೆಳಗಿನ ಇನ್ವರ್ಟರ್ ಕೀಂ ಎಂದು ಕೂಗಿಕೊಂಡಿತು. ನಡುಮನೆಯ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಅವರ ಮಾತಿನ ಲಯಕ್ಕೆ ಸರಿಯಾಗಿ ಫ್ಯಾನನ್ನು ಏರಿಸಿ ಇಳಿಸತೊಡಗಿತು. ಇತ್ತ ರಿಗ್‌ನಲ್ಲಿ ಕಿವಿಗೆ ಬರುತ್ತಿದ್ದದ್ದು ಬರೀ ಮೊರೆತ. ಬರುವ ಸಿಗ್ನಲ್ಲಿನ ಬಲವನ್ನು ಎಸ್ ಯುನಿಟ್ಟಿನಲ್ಲಿ ತೋರಿಸುವ ಮೀಟರ್ ಎಸ್9ರಲ್ಲಿ ನಿಂತಿತ್ತು. ಬೆಳಗಿನ ನೆಟ್‌ನಲ್ಲಿ (ಹ್ಯಾಂಗಳು ಗೊತ್ತಾದ ಹೊತ್ತಿಗೆ ಸೇರಿ ಮಾತಾಡುವ ಕೂಟ) ಜೋರಾಗಿ ಬರುವ ಬೆಂಗಳೂರಿನ ಒಂದೆರಡು ಸ್ಟೇಷನ್ ಬಿಟ್ಟರೆ ಇನ್ನಾರೂ ಆ ಮೊರೆತ ದಾಟಿ ಬರುತ್ತಿರಲಿಲ್ಲ. ತಮ್ಮ ಕರೆಗೆ ಯಾರೂ ಉತ್ತರಿಸುತ್ತಿಲ್ಲ ಎಂದು ಮೇಷ್ಟ್ರು ಬೇಸರಪಟ್ಟುಕೊಂಡಿದ್ದರು. ಉತ್ತರ ಬರುತ್ತಿತ್ತು. ಬೆಂಗಳೂರಿನ ಗೆಳೆಯರೊಬ್ಬರಿಗೆ ಫೋನ್ ಮಾಡಿ ಕೇಳಿದರೆ, “ನಾವಿಲ್ಲಿ ಮೂರು ಜನ ಅವರಿಗೆ ಉತ್ತರ ಕೊಟ್ವಿ, ಅವರೇ ಕೇಳಿಸ್ಕೊಳ್ತಿಲ್ಲ” ಎಂದರು.

ಮೊದಲ ತಿರುವು ಇದು. ಅಲ್ಲಿಯವರೆಗೆ ಚರ್ಚೆಯೆಲ್ಲ ತಂತಿಯ ಆಕಾರದ ಮೇಲೆ ನಡೆದಿತ್ತು. ಬಳೆಯೋ ಡೈಪೋಲೋ, ಅಥವಾ ಮೇಜಿನ ಮೇಲೇ ಇಡಬಹುದಾದ ಮೀಟರ್ ಅಗಲದ ಮ್ಯಾಗ್ನೆಟಿಕ್ ಲೂಪೋ ಎಂದು. 40 ಮೀಟರಿನಲ್ಲಿ ಆ ಗಾತ್ರದ ಲೂಪ್ ಕೊಟ್ಟ ಶಕ್ತಿಯಲ್ಲಿ ಬಹುಪಾಲನ್ನು ಶಾಖವಾಗಿ ಕಳೆದುಬಿಡುತ್ತದೆ, 50 ವ್ಯಾಟಿನ ಮಿತಿಯಲ್ಲಿರುವವರಿಗೆ ಅದು ದುಬಾರಿ ಎಂದು ಕೈಬಿಟ್ಟಿದ್ದೆವು. ಫೋನಿನ ಆ ಒಂದು ಮಾತಿನ ನಂತರ ಆಕಾರದ ಚರ್ಚೆಯನ್ನು ಬದಿಗಿಟ್ಟು, ಮೊರೆತ ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದೆಂದು ನಿರ್ಧರಿಸಿದೆವು.

ಗದ್ದಲದ ಹುಡುಕಾಟ

ರಿಗ್ ಅನ್ನು ಕಾರಿನ ಬ್ಯಾಟರಿಗೆ ಜೋಡಿಸಿ, ಮನೆಯ ಮೇನ್ ಸ್ವಿಚ್ ಇಳಿಸಿದೆವು. ಮೊರೆತ ಕಡಿಮೆಯಾಗಲಿಲ್ಲ. ಸ್ವಲ್ಪ ಹೆಚ್ಚೇ ಆಯಿತು. ಕರೆಂಟ್ ಹೋಯಿತೆಂದು ತಿಳಿದ ಇನ್ವರ್ಟರ್ ತಾನು ಕೆಲಸ ಶುರು ಮಾಡಿತ್ತು! ಇದನ್ನು ಗಮನಿಸದೆ “ಮೇನ್ ತೆಗೆದರೂ ಗದ್ದಲ ಹೋಗಲಿಲ್ಲ, ಆದ್ದರಿಂದ ಅದು ಹೊರಗಿನದು” ಎಂದು ತೀರ್ಮಾನಿಸುವವರು ಬಹಳ. ಇನ್ವರ್ಟರನ್ನೂ ಪೂರ್ತಿ ಆಫ್ ಮಾಡಿದಾಗ ಮೀಟರ್ ಎಸ್7ಕ್ಕೆ ಬಂತು. ಅಲ್ಲಿಂದ ಕೆಳಗೆ ಇಳಿಯಲೊಲ್ಲದು.

ಇನ್ನೇನು ಉಳಿದಿದೆ ಎಂದು ಯೋಚಿಸುತ್ತ ಕೂತಿದ್ದಾಗ ಮೀಟರಿನ ಮುಳ್ಳು ತಾನಾಗಿಯೇ ಮೆಲ್ಲಗೆ ಎಸ್5ಕ್ಕೆ ಇಳಿಯಿತು. ಎರಡು ನಿಮಿಷ ಬಿಟ್ಟು ಮತ್ತೆ ಮೇಲೆ ಹೋಯಿತು. ಮತ್ತೆ ಇಳಿಯಿತು. ಮೇಷ್ಟ್ರು ಕಿಟಕಿಯ ಹೊರಗೆ ನೋಡಿ, “ಮೋಡ ನೋಡಿ!” ಎಂದರು. ಬಿಸಿಲಿಗೆ ಮೋಡ ಅಡ್ಡ ಬಂದಾಗ ಗದ್ದಲ ಇಳಿಯುತ್ತಿತ್ತು, ಬಿಸಿಲು ಬಂದಾಗ ಏರುತ್ತಿತ್ತು. ಕೊಟ್ಟಿಗೆಯ ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಇತ್ತು. ಅದರ ಚಾರ್ಜ್ ಕಂಟ್ರೋಲರ್ ಮನೆಯ ಮೇನ್‌ಗೂ ಇನ್ವರ್ಟರಿಗೂ ಸಂಬಂಧವಿಲ್ಲದೆ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಪ್ಯಾನೆಲಿನ ಎರಡು ತಂತಿಗಳು ಒಂದಕ್ಕೊಂದು ದೂರವಾಗಿ, ಒಂದು ಸೂರಿನ ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ ಇಳಿದಿದ್ದವು. ಎರಡೂ ಸೇರಿ ಗದ್ದಲ ಬಿತ್ತರಿಸುವ ಒಂದು ದೊಡ್ಡ ಬಳೆಯೇ ಆಗಿಬಿಟ್ಟಿತ್ತು.

ಪ್ಯಾನೆಲಿನ ತಂತಿ ಕಳಚಿದಾಗ ಮುಳ್ಳು ಎಸ್4ಕ್ಕೆ ಬಂದು ನಿಂತಿತು. ಎಸ್9ರಿಂದ ಎಸ್4 ಎಂದರೆ ಐದು ಎಸ್ ಯುನಿಟ್. ಯುನಿಟ್ಟಿಗೆ 6 ಡೆಸಿಬೆಲ್‌ನಂತೆ 30 ಡೆಸಿಬೆಲ್, ಅಂದರೆ ಶಕ್ತಿಯ ಲೆಕ್ಕದಲ್ಲಿ ಸಾವಿರ ಪಟ್ಟು. ಮೊದಲಿನ ಗದ್ದಲದಲ್ಲೇ ಅಷ್ಟು ಚೆನ್ನಾಗಿ ಕೇಳಬೇಕಿದ್ದರೆ ಎದುರಿನ ಸ್ಟೇಷನ್ 50 ವ್ಯಾಟ್ ಬದಲು 50 ಕಿಲೋವ್ಯಾಟ್ ಕಳಿಸಬೇಕಿತ್ತು. ತಂತಿಯ ಆಕಾರ ಬದಲಿಸಿ ಇಷ್ಟು ಲಾಭ ಗಳಿಸುವುದು ಯಾರಿಂದಲೂ ಆಗದ ಕೆಲಸ.

ಆ ನಿಶ್ಶಬ್ದದಲ್ಲಿ ಇನ್ನೊಂದು ಸದ್ದು ಕೇಳಿಸಿತು. ಟಕ್, ಟಕ್, ಟಕ್ ಎಂದು, ಸೆಕೆಂಡಿಗೊಂದರಂತೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಂದಿ, ಕಡವೆ ಬಾರದಂತೆ ಪಕ್ಕದವರು ಗದ್ದೆಗೆ ಹಾಕಿದ್ದ ಸೋಲಾರ್ ಬೇಲಿ. ಬೇಲಿ ಸರಿಯಾಗಿದ್ದರೆ ರೇಡಿಯೋಗೆ ಅಂಥ ತೊಂದರೆಯಿಲ್ಲ. ಹಸಿ ಬಳ್ಳಿ ತಾಗಿದ ಕಡೆ, ಇನ್ಸುಲೇಟರ್ ಒಡೆದ ಕಡೆ ಪ್ರತಿ ಹೊಡೆತಕ್ಕೂ ಕಿಡಿ ಹಾರುತ್ತದೆ, ಆ ಕಿಡಿಯೇ ರೇಡಿಯೋದಲ್ಲಿ ಟಕ್ ಎನ್ನುವುದು. ಸಣ್ಣ ಟ್ರಾನ್ಸಿಸ್ಟರ್ ರೇಡಿಯೋವನ್ನು ಶಾರ್ಟ್‌ವೇವ್‌ಗೆ ತಿರುಗಿಸಿ ಬೇಲಿಯ ಗುಂಟ ನಡೆದರೆ ಸದ್ದು ಜೋರಾಗುವ ಜಾಗ ಗೊತ್ತಾಗುತ್ತದೆ. ಮೇಷ್ಟ್ರು ಪಕ್ಕದವರನ್ನೇ ಜತೆಗೆ ಕರೆದುಕೊಂಡು ಹೋದರು. ಈ ನಡೆ ನನಗೆ ಬಹಳ ಮೆಚ್ಚುಗೆಯಾಯಿತು. “ನಿಮ್ಮ ಬೇಲಿಯಿಂದ ನನ್ನ ರೇಡಿಯೋಗೆ ತೊಂದರೆ” ಎಂದಿದ್ದರೆ ಮಾತು ಬೇರೆ ಕಡೆ ಹೋಗುತ್ತಿತ್ತು. ಅವರು ಹೇಳಿದ್ದು, “ಭಾವ, ನಿಮ್ಮ ಬೇಲಿ ಎಲ್ಲೋ ಲೀಕ್ ಆಗ್ತಾ ಇದ್ದ ಹಾಗಿದೆ, ಬನ್ನಿ ನೋಡುವಾ” ಎಂದು. ಒಡೆದ ಇನ್ಸುಲೇಟರ್ ಸಿಕ್ಕಿತು, ಬಳ್ಳಿ ಸವರಿದರು. ಬೇಲಿಯ ಹೊಡೆತ ಜೋರಾಯಿತು, ರೇಡಿಯೋದ ಟಕಟಕ ನಿಂತಿತು.

ಮೇನ್ ಮತ್ತೆ ಏರಿಸಿ, ಒಂದೊಂದೇ ಎಂಸಿಬಿ ಹಾಕುತ್ತ ಬಂದಾಗ ಇನ್ನೆರಡು ಸಿಕ್ಕವು. ಕೊಟ್ಟಿಗೆಯ ಅಗ್ಗದ ಎಲ್‌ಇಡಿ ಬಲ್ಬು ಮತ್ತು ಇಂಟರ್ನೆಟ್ ರೌಟರಿನ ಅಡಾಪ್ಟರ್. ಬಲ್ಬು ಬದಲಿಸಿದರು. ರೌಟರನ್ನು 12 ವೋಲ್ಟಿನ ಬ್ಯಾಟರಿಗೆ ನೇರವಾಗಿ ಜೋಡಿಸಿದರು. ಸೋಲಾರಿನ ಎರಡು ತಂತಿಗಳನ್ನು ಹಗ್ಗ ಹೊಸೆದಂತೆ ಒಟ್ಟಿಗೆ ಹೊಸೆದು ಒಂದೇ ಹಾದಿಯಲ್ಲಿ ಇಳಿಸಿ, ಕಂಟ್ರೋಲರಿನ ಎರಡೂ ಬದಿಗೆ ಗದ್ದಲ ತಡೆಯುವ ಫೆರೈಟ್ ರಿಂಗ್ ಹಾಕಿದೆವು. ಇನ್ವರ್ಟರನ್ನು ಮಾತ್ರ ಪೂರ್ತಿ ಸುಮ್ಮನಾಗಿಸಲು ಆಗಲಿಲ್ಲ. ಅಟ್ಟದ ನಡುವಿಗೆ ಸರಿಯಾಗಿ ಕೆಳಗಿದ್ದದ್ದನ್ನು ಮನೆಯ ಇನ್ನೊಂದು ತುದಿಗೆ ಸಾಗಿಸಿದರು. ಕರೆಂಟ್ ಹೋದಾಗ ರೇಡಿಯೋ ಬೇಕಾದರೆ ಇನ್ವರ್ಟರ್ ಆಫ್ ಎಂದು ಮನೆಯವರ ಜತೆ ಮಾತಾಗಿದೆ.

ಎರಡನೆಯ ಆಂಟೆನಾ

ಇಷ್ಟಾದ ಮೇಲೆ ಆಕಾರದ ಪ್ರಶ್ನೆಗೆ ಬಂದೆವು. ಸೂರಿನ ಸುತ್ತ ಹಾಕಿದ್ದ ಬಳೆಯನ್ನು ಬಿಚ್ಚಿಸಿದೆ. ಅದು ಮನೆಯ ವೈರಿಂಗಿಗೆ ಸಮಾನಾಂತರವಾಗಿ, ಗೇಣುದೂರದಲ್ಲೇ ಸಾಗುತ್ತಿತ್ತು. ಕಳಿಸುವಾಗ ಮನೆಯ ವೈರಿಂಗಿಗೆಲ್ಲ ಶಕ್ತಿ ತುಂಬುತ್ತಿತ್ತು, ಕೇಳುವಾಗ ವೈರಿಂಗಿನ ಗದ್ದಲವನ್ನೆಲ್ಲ ಎತ್ತಿಕೊಳ್ಳುತ್ತಿತ್ತು. ಟ್ಯೂನರ್ ತೋರಿಸಿದ 1.2 ಈ ಎರಡರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಬದಲಿಗೆ ಮಾಡಿನ ನೆತ್ತಿಯ ಕೆಳಗೆ, ವೈರಿಂಗಿನಿಂದ ಆದಷ್ಟು ದೂರಕ್ಕೆ, ನೇರ ಡೈಪೋಲ್. 12 ಮೀಟರ್ ಅಟ್ಟದಲ್ಲಿ 20 ಮೀಟರ್ ತಂತಿ ಹಿಡಿಯುವುದಿಲ್ಲ. ಡೈಪೋಲಿನಲ್ಲಿ ವಿದ್ಯುತ್ ಪ್ರವಾಹ ಹೆಚ್ಚಿರುವುದು ನಡುವಿನಲ್ಲಿ, ಅಲೆ ಹೊಮ್ಮುವುದೂ ಮುಖ್ಯವಾಗಿ ಅಲ್ಲಿಂದಲೇ. ಹಾಗಾಗಿ ನಡುಭಾಗವನ್ನು ನೇರವಾಗಿ, ಎತ್ತರದಲ್ಲಿ ಇಟ್ಟು, ಉಳಿದ ಎರಡು ತುದಿಗಳನ್ನು ಪಕಾಸಿನ ಇಳಿಜಾರಿನ ಗುಂಟ ಉತ್ತರಕ್ಕೆ ಬಗ್ಗಿಸಿದೆವು. ದಕ್ಷಿಣದ ತಗಡಿನ ಕಡೆಗೆ ಬೇಡವೇ ಬೇಡ ಎಂದೆ. ತಂತಿ ಮನೆಯ ವೈರಿಂಗಿಗೆ ಬಳಸುವ ಸಾಮಾನ್ಯ 1.5 ಚದರ ಮಿಲಿಮೀಟರಿನದೇ.

ತುದಿಗಳ ಬಗ್ಗೆ ಒಂದು ಎಚ್ಚರಿಕೆ. ಡೈಪೋಲಿನ ತುದಿಯಲ್ಲಿ ಪ್ರವಾಹ ಇಲ್ಲದಿದ್ದರೂ ವೋಲ್ಟೇಜ್ ಹೆಚ್ಚು, 50 ವ್ಯಾಟಿಗೂ ನೂರಾರು ವೋಲ್ಟ್ ನಿಲ್ಲುತ್ತದೆ. ಅಟ್ಟದಲ್ಲಿ ಇರುವುದು ಒಣ ಮರ, ಹೊಗೆಯ ಕರಿ, ಜೇಡರ ಬಲೆ, ಗೋಣಿ, ಅಡಿಕೆ. ತುದಿ ಅವುಗಳಲ್ಲಿ ಯಾವುದಕ್ಕೂ ತಾಗಬಾರದು. ಮನೆಯ ಹಳೇ ವೈರಿಂಗ್ ಬಿಚ್ಚಿದಾಗ ತೆಗೆದಿಟ್ಟಿದ್ದ ಪಿಂಗಾಣಿ ಗುಂಡುಗಳು ಅಟ್ಟದಲ್ಲೇ ಒಂದು ಡಬ್ಬಿಯಲ್ಲಿದ್ದವು. ಅವಕ್ಕಿಂತ ಒಳ್ಳೆ ಇನ್ಸುಲೇಟರ್ ಕೊಂಡರೂ ಸಿಗುವುದಿಲ್ಲ. ತುದಿಗಳ ಹತ್ತಿರದ ಮೂಟೆಗಳನ್ನು ದೂರಕ್ಕೆ ಸಾಗಿಸಿ, ಕಳಿಸುವಾಗ ಯಾರೂ ಅಟ್ಟ ಹತ್ತಬಾರದೆಂದು ಏಣಿಯ ಬಳಿ ಒಂದು ಕೆಂಪು ದೀಪ ಹಾಕಿದರು.

ನಡುವಿನಲ್ಲಿ, ಕೋಆಕ್ಸ್ ಕೇಬಲ್ ಜೋಡಿಸುವ ಜಾಗದಲ್ಲಿ, ಅದೇ ಕೇಬಲನ್ನು 31ನೇ ಮಿಕ್ಸ್ ಎಂಬ ಬಗೆಯ ದೊಡ್ಡ ಫೆರೈಟ್ ರಿಂಗಿಗೆ ಹತ್ತು ಹನ್ನೆರಡು ಸುತ್ತು ಸುತ್ತಿ ಚೋಕ್ ಮಾಡಿದೆವು. ರಿಗ್‌ನ ಹಿಂದೆ ಇನ್ನೊಂದು. ಹೊರಗಿನ ಆಂಟೆನಾಗೆ ಚೋಕ್ ಇಲ್ಲದೆಯೂ ಕೆಲವರು ಸುಧಾರಿಸಿಕೊಳ್ಳುತ್ತಾರೆ. ಮನೆಯೊಳಗೆ ಅದು ನಡೆಯುವುದಿಲ್ಲ. ಚೋಕ್ ಇಲ್ಲದಿದ್ದರೆ ಕೇಬಲಿನ ಹೊರಮೈಯೂ ಆಂಟೆನಾದ ಒಂದು ಭಾಗವಾಗಿ, ಟಿವಿ, ರೌಟರ್, ಇನ್ವರ್ಟರ್ ಎಲ್ಲದರ ಪಕ್ಕದಲ್ಲೇ ಹಾದು ಗದ್ದಲವನ್ನು ನೇರವಾಗಿ ರಿಗ್‌ಗೆ ತಂದು ಸುರಿಯುತ್ತದೆ. ಕೇಬಲನ್ನು ಇಲಿ ಕಡಿಯದಂತೆ ಪಿವಿಸಿ ಪೈಪಿನೊಳಗೆ ಇಳಿಸಿದರು.

ಅದೇ ಕೇಬಲಿಗೆ 20 ಮೀಟರ್ ಬ್ಯಾಂಡಿನ ಇನ್ನೊಂದು ಡೈಪೋಲನ್ನೂ ಸೇರಿಸಿದೆವು. ಅದರ ಉದ್ದ ಸುಮಾರು 10 ಮೀಟರ್, ಬಗ್ಗಿಸದೆ ಹಿಡಿಯಿತು. ನ್ಯಾನೋವಿಎನ್ಎ ಎಂಬ ಆಂಟೆನಾ ಅಳೆಯುವ ಸಣ್ಣ ಉಪಕರಣ ಹಿಡಿದು ಉದ್ದ ಸರಿಪಡಿಸಿದ್ದು ಮೇಷ್ಟ್ರ ಮಗಳು. 40 ಮೀಟರಿನದರ ಎಸ್‌ಡಬ್ಲ್ಯುಆರ್ 7.1 ಮೆಗಾಹರ್ಟ್ಸ್‌ನಲ್ಲಿ 1.4ಕ್ಕೆ ಬಂದು ನಿಂತಿತು. ಇನ್ವರ್ಟರ್ ಕೂಗಲಿಲ್ಲ, ಫ್ಯಾನು ತನ್ನ ಪಾಡಿಗೆ ತಿರುಗಿತು. ಮರುದಿನ ಬೆಳಗ್ಗೆ ಬೆಂಗಳೂರು, ಮೈಸೂರು, ಕೊಯಮತ್ತೂರು, ಕಣ್ಣೂರಿನವರೆಲ್ಲ ಒಬ್ಬರಾದ ಮೇಲೊಬ್ಬರಂತೆ ಕೇಳಿಸಿದರು.

ಮಳೆ ಹಿಡಿದಾಗ

ಆರಿದ್ರಾ ಮಳೆಯವರೆಗೆ ಎಲ್ಲ ಸರಿಯಿತ್ತು. ಪುನರ್ವಸು ಹಿಡಿದು, ವಾರಗಟ್ಟಲೆ ಬಿಡದೆ ಸುರಿಯಲು ಶುರುವಾದ ಮೇಲೆ ಎಸ್‌ಡಬ್ಲ್ಯುಆರ್ 2.3ಕ್ಕೆ ಏರಿತು. ತಂತಿ ಎಲ್ಲೋ ಕಡಿದಿರಬೇಕೆಂದು ಮೇಷ್ಟ್ರು ಅಟ್ಟ ಹತ್ತಿ ಪೂರ್ತಿ ತಡಕಿದರು. ತಂತಿ ಸರಿಯಾಗಿತ್ತು. ಬದಲಾದದ್ದು ಹಂಚು. ಒಣಗಿದ ಹಂಚು ಲೆಕ್ಕಕ್ಕಿಲ್ಲ ಎಂದೆನಲ್ಲ, ನೀರು ಕುಡಿದ, ಪಾಚಿ ಹಿಡಿದ ಹಂಚು ಹಾಗಲ್ಲ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 80ರ ಆಸುಪಾಸು. ಅಂಥ ನೆನೆದ ಪದರ ತಂತಿಯ ಹತ್ತಿರ ಬಂದರೆ ತಂತಿ ವಿದ್ಯುತ್ತಿನ ಲೆಕ್ಕದಲ್ಲಿ ಉದ್ದವಾದಂತಾಗಿ, ಅನುರಣನ, ಅಂದರೆ ತಂತಿ ಸರಿಯಾಗಿ ಹೊಂದುವ ಆವರ್ತನ, ಕೆಳಗೆ ಸರಿಯುತ್ತದೆ. ಇಲ್ಲಿ ಸುಮಾರು 70 ಕಿಲೋಹರ್ಟ್ಸ್ ಸರಿದಿತ್ತು.

ಇಲ್ಲಿ ಎರಡು ದಾರಿ ಇದ್ದವು. ಟ್ಯೂನರ್ ಹಾಕಿ ಮರೆಮಾಚುವುದು, ಅಥವಾ ತಂತಿಯನ್ನೇ ಹೊಂದಿಸುವುದು. ಎರಡನೆಯದನ್ನು ಆರಿಸಿದೆವು. ಬಗ್ಗಿಸಿದ ತುದಿಗಳೇ ಹಂಚಿಗೆ ತೀರಾ ಹತ್ತಿರ ಇದ್ದವು, ವೋಲ್ಟೇಜ್ ಹೆಚ್ಚಿರುವ ಆ ಭಾಗಕ್ಕೇ ಹಂಚಿನ ಪ್ರಭಾವವೂ ಜಾಸ್ತಿ. ಅವನ್ನು ಹಂಚಿನಿಂದ ಎರಡು ಅಡಿ ಕೆಳಗೆ ಇಳಿಸಿದಾಗ ಸರಿಯುವಿಕೆ ಅರ್ಧದಷ್ಟಾಯಿತು. ಉಳಿದದ್ದಕ್ಕೆ, ನಮ್ಮ ದೇಶದಲ್ಲಿ ಈ ಬ್ಯಾಂಡ್ 7.0ರಿಂದ 7.2 ಮೆಗಾಹರ್ಟ್ಸ್‌ವರೆಗೆ ಇರುವುದನ್ನು ಬಳಸಿಕೊಂಡೆವು. ಒಣ ದಿನಗಳಲ್ಲಿ 7.13ರಲ್ಲಿ ನಿಲ್ಲುವಂತೆ ತಂತಿ ಕತ್ತರಿಸಿದರೆ, ನೆನೆದ ದಿನಗಳಲ್ಲಿ 7.09ರ ಹತ್ತಿರ ಬರುತ್ತದೆ. ಎರಡೂ ಕಾಲದಲ್ಲಿ ಬ್ಯಾಂಡಿನ ನಡುಭಾಗ ಕೈಗೆ ಸಿಗುತ್ತದೆ, ಟ್ಯೂನರ್ ಬೇಡ. ಬೇಸಿಗೆಯಲ್ಲಿ ಆಂಟೆನಾ ಕಟ್ಟಿ ಕತ್ತರಿಸುವ ಮಲೆನಾಡಿಗರು ಮಳೆಗಾಲ ನೋಡುವವರೆಗೆ ತುದಿಯಲ್ಲಿ ಒಂದಷ್ಟು ತಂತಿ ಮಡಚಿ ಇಟ್ಟುಕೊಳ್ಳುವುದು ಒಳ್ಳೆಯದು.

ಸಿಡಿಲಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಟ್ಟದೊಳಗಿದೆ ಎಂದ ಮಾತ್ರಕ್ಕೆ ರಕ್ಷಣೆ ಇಲ್ಲ. ಹತ್ತಿರದ ಮರಕ್ಕೆ ಹೊಡೆದರೂ 20 ಮೀಟರ್ ತಂತಿಯಲ್ಲಿ ರಿಗ್ ಸುಡುವಷ್ಟು ವೋಲ್ಟೇಜ್ ಹುಟ್ಟಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮೇಷ್ಟ್ರ ಫೋನಿನಲ್ಲಿದೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಅದನ್ನೂ ಕಾಯದೆ ಕೇಬಲನ್ನು ರಿಗ್‌ನಿಂದ ಕಳಚಿ ಹೊರಗಿನ ಅರ್ಥ್ ಪಟ್ಟಿಗೆ ಸಿಕ್ಕಿಸಿಬಿಡುತ್ತಾರೆ.

ಹೊರಗಿನದರ ಜತೆ ಹೋಲಿಸಿದಾಗ

ಅಟ್ಟದಿಂದಾಗಿ ನಿಜವಾಗಿ ಎಷ್ಟು ಕಳೆದುಕೊಂಡೆವು ಎಂದು ತಿಳಿಯದೆ ಈ ಪ್ರಕರಣ ಮುಗಿಯುತ್ತಿರಲಿಲ್ಲ. ಮಳೆ ಬಿಟ್ಟ ಮೇಲೆ, ಅಂಗಳದಲ್ಲಿ ಬಿದಿರಿನ ಗಳ ನಿಲ್ಲಿಸಿ, ಅದೇ ಎತ್ತರಕ್ಕೆ, ಅದೇ ದಿಕ್ಕಿಗೆ ತಾತ್ಕಾಲಿಕವಾಗಿ ಇನ್ನೊಂದು ಜೋಡಿ ಡೈಪೋಲ್ ಕಟ್ಟಿ, ಸ್ವಿಚ್ಚಿನಿಂದ ಎರಡರ ನಡುವೆ ಬದಲಿಸುತ್ತ ರಿಪೋರ್ಟ್ ಕೇಳಿದೆವು.

40 ಮೀಟರಿನಲ್ಲಿ ಕರ್ನಾಟಕ, ಕೇರಳ, ತಮಿಳುನಾಡಿನ ಸ್ಟೇಷನ್‌ಗಳಿಗೆ ಅಟ್ಟದ ಸಿಗ್ನಲ್ ಹೆಚ್ಚೆಂದರೆ ಒಂದು ಎಸ್ ಯುನಿಟ್ ಕಡಿಮೆ. ಕೆಲವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಕೇಳುವುದರಲ್ಲಿ ಮಾತ್ರ ಅಂತರ ಎದ್ದು ಕಂಡಿತು. ಅಷ್ಟೆಲ್ಲ ಶುದ್ಧಿ ಮಾಡಿದ ಮೇಲೂ ಮನೆಯಲ್ಲಿ ಕರೆಂಟ್ ಇರುವಾಗ ಅಟ್ಟದ ಗದ್ದಲ ಅಂಗಳದ್ದಕ್ಕಿಂತ ಎರಡು ಯುನಿಟ್ ಹೆಚ್ಚು.

20 ಮೀಟರಿನ ಕಥೆ ಬೇರೆ. ದೂರದ ದೇಶಗಳಿಗೆ ಅಟ್ಟದಿಂದ ಕಳಿಸುವುದೂ ಸೊರಗಿತ್ತು. ತಗಡಿನ ಜಗಲಿ, ಹಂಡೆ, ವೈರಿಂಗ್ ಎಲ್ಲವೂ ಆ ಅಲೆಗೆ ಗಣನೀಯ ಗಾತ್ರದವು. ಮನೆ ಯಾವ ದಿಕ್ಕಿಗೆ ಇದೆಯೋ ಆಂಟೆನಾವೂ ಅದೇ ದಿಕ್ಕಿಗೆ, ತಿರುಗಿಸಲು ಬರುವುದಿಲ್ಲ. ನೇರ ಆಕಾಶಕ್ಕೆ ಕಳಿಸುವ 40 ಮೀಟರಿನಲ್ಲಿ ದಿಕ್ಕು ಅಷ್ಟು ಮುಖ್ಯವಲ್ಲ, 20ರಲ್ಲಿ ಮುಖ್ಯ. ದೂರಕ್ಕೆ ಮೇಷ್ಟ್ರು ಈಗ ಎಫ್‌ಟಿ8 ಬಳಸುತ್ತಾರೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ 2017ರಲ್ಲಿ ರೂಪಿಸಿದ ಈ ಡಿಜಿಟಲ್ ವಿಧಾನ ಕಿವಿಗೆ ಕೇಳಿಸದಷ್ಟು ಕ್ಷೀಣ ಸಿಗ್ನಲನ್ನೂ ಗದ್ದಲದ ಕೆಳಗಿನಿಂದ ಹೆಕ್ಕುತ್ತದೆ. ಅದರಲ್ಲಿ 15 ಸೆಕೆಂಡಿನ ಸರದಿಯಲ್ಲಿ ಪೂರ್ಣ ಶಕ್ತಿ ಸತತವಾಗಿ ಹೋಗುವುದರಿಂದ, ಕೆಳಗೆ ಜನ ಮಲಗುವ ಮನೆಯಲ್ಲಿ 20 ವ್ಯಾಟ್ ಮೀರುವುದು ಬೇಡ ಎಂದು ನಿಗದಿ ಮಾಡಿಕೊಂಡಿದ್ದಾರೆ.

ಕರೆಂಟ್ ಇಲ್ಲದ ದಿನಗಳು

ಮರುವರ್ಷದ ಪುಷ್ಯ ಮಳೆಯಲ್ಲಿ ಮರ ಬಿದ್ದು ಲೈನ್ ಹರಿಯಿತು. ಊರಿಗೆ ಕರೆಂಟ್ ಇಲ್ಲ, ಎರಡನೇ ದಿನಕ್ಕೆ ಮೊಬೈಲ್ ಟವರಿನ ಬ್ಯಾಟರಿಯೂ ಖಾಲಿ. ಬಿಸಿಲಿಲ್ಲದೆ ಸೋಲಾರ್ ಕಂಟ್ರೋಲರ್ ಸುಮ್ಮನಿತ್ತು, ಇನ್ವರ್ಟರ್ ಮುಗಿದಿತ್ತು. ಸುತ್ತಲಿನ ಯಾವ ಮನೆಯಲ್ಲೂ ಗದ್ದಲ ಎಬ್ಬಿಸುವ ಒಂದು ಉಪಕರಣ ಓಡುತ್ತಿರಲಿಲ್ಲ. ಕಾರಿನ ಬ್ಯಾಟರಿಗೆ ಜೋಡಿಸಿದ ರಿಗ್‌ನಲ್ಲಿ ಗದ್ದಲ ಎಸ್2. ಅಂಗಳದ ಆಂಟೆನಾಗೂ ಅಟ್ಟದ್ದಕ್ಕೂ ನಾವು ಅಳೆದಿದ್ದ ದೊಡ್ಡ ಅಂತರ ಅಲ್ಲಿಗೆ ಅಳಿಸಿಹೋಗಿತ್ತು. ಬೆಳಗ್ಗೆ ಮಂಗಳೂರು, ಹುಬ್ಬಳ್ಳಿ, ಬೆಂಗಳೂರಿನ ಹ್ಯಾಂಗಳಿಗೆ ರಸ್ತೆಗೆ ಬಿದ್ದ ಮರ, ಹಳ್ಳದ ನೀರಿನ ಮಟ್ಟ, ಊರಿನ ಸ್ಥಿತಿ ತಿಳಿಸಿದರು. ರಾತ್ರಿ ಬೆಳೆದಂತೆ ಹತ್ತಿರದವರು ಮರೆಯಾದರು. ಸೂರ್ಯ ಮುಳುಗಿದ ಮೇಲೆ ಅಯಾನುಗೋಳ ತೆಳುವಾಗಿ 7 ಮೆಗಾಹರ್ಟ್ಸ್ ನೆಟ್ಟಗೆ ವಾಪಸ್ ಬರುವುದಿಲ್ಲ, ಇದು ಯಾವ ಆಂಟೆನಾ ಇದ್ದರೂ ಅಷ್ಟೇ. ಆದ್ದರಿಂದ ಬೆಳಗಿನ ಏಳರಿಂದ ಒಂಬತ್ತು, ಸಂಜೆಯ ನಾಲ್ಕರಿಂದ ಆರು ಎಂದು ಹೊತ್ತು ಗೊತ್ತು ಮಾಡಿಕೊಂಡು ಬ್ಯಾಟರಿ ಉಳಿಸಿದರು.

ತುರ್ತು ಸಂಪರ್ಕಕ್ಕೆಂದು ಅಟ್ಟದ ಆಂಟೆನಾ ಕಟ್ಟುವವರು ಇದನ್ನು ಗಮನಿಸಬೇಕು. ಗಾಳಿಗೆ ಹರಿಯುವುದಿಲ್ಲ, ಮಂಗ ಮುಟ್ಟುವುದಿಲ್ಲ, ಕರೆಂಟ್ ಹೋದಾಗ ಅದರ ದೊಡ್ಡ ದೋಷವೇ ಇಲ್ಲವಾಗುತ್ತದೆ. ದೂರದ ದೇಶಗಳ ಜತೆ ಮಾತಾಡಬೇಕೆಂಬ ಆಸೆಗೆ ಮಾತ್ರ ಅಟ್ಟವನ್ನು ನಾನು ಶಿಫಾರಸು ಮಾಡುವುದಿಲ್ಲ.

ಉಳಿದಿರುವುದು ಕರೆಂಟ್ ಇರುವ ದಿನಗಳ ಆ ಎರಡು ಯುನಿಟ್ ಗದ್ದಲ. ಅದಕ್ಕೆ ಕೇಳುವುದಕ್ಕೆ ಮಾತ್ರ ಬಳಸುವ ಒಂದು ಸಣ್ಣ ಲೂಪನ್ನು ಮನೆಯಿಂದ ದೂರ, ಅಂಗಳದ ಕೊನೆಯ ಕಲ್ಲುಕಂಬಕ್ಕೆ ಕಟ್ಟುವ ಯೋಜನೆ ಇದೆ. ಕೇಳುವ ಲೂಪಿಗೆ ಎತ್ತರ ಬೇಡ, ಆಳೆತ್ತರ ಸಾಕು, ಮಂಗ ಕಿತ್ತರೂ ಹತ್ತು ನಿಮಿಷದಲ್ಲಿ ಮತ್ತೆ ಕಟ್ಟಬಹುದು. ಮೇಷ್ಟ್ರ ರಿಗ್‌ಗೆ ಪ್ರತ್ಯೇಕ ರಿಸೀವ್ ಆಂಟೆನಾದ ಸಾಕೆಟ್ ಇಲ್ಲ. ಹಾಗಾಗಿ ಮೈಕ್ ಒತ್ತಿದಾಗ ಅಟ್ಟಕ್ಕೂ ಬಿಟ್ಟಾಗ ಲೂಪಿಗೂ ಬದಲಿಸುವ ರಿಲೇ ಪೆಟ್ಟಿಗೆಯೊಂದು ಬೇಕು, ಅದನ್ನು ಅವರ ಮಗಳು ಕಟ್ಟುತ್ತಿದ್ದಾಳೆ. ಅಡಿಕೆ ಕೊಯ್ಲು ಮುಗಿದು ಅಂಗಳ ಖಾಲಿಯಾದ ಮೇಲೆ ಅಳತೆಗೆ ಕೂರುತ್ತೇವೆ.